ಎಡಕ್ಕೆ ಸುತ್ತಿದ ಉಣ್ಣೆ

ಆಗೆಲ್ಲ ನಮ್ಮ ಶ್ರೀರಾಂಪುರದ ಕಡೆ ಹಳ್ಳಿಗಳಲ್ಲಿ ನಲ್ಲಿ ಅನ್ನೋದು ಗೋಡೆಯಲ್ಲಿ ಇರುತ್ತಿರಲಿಲ್ಲ, ಗುಂಡಿಯಲ್ಲಿ ಇರುತ್ತಿತ್ತು. ವಾರಕ್ಕೆ ಎರಡು ಸಲ ನೀರು ಬಿಡುತ್ತಿದ್ದರು. ಆ ನೀರಿಗೆ ಮೇಲೆ ಹತ್ತುವ ಕಸುವು ಇರಲಿಲ್ಲ, ಹಾಗಾಗಿ ಜನರೇ ಅದರ ಹತ್ತಿರ ಇಳಿದು ಹೋಗುತ್ತಿದ್ದರು. ಮನೆ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ಪೈಪನ್ನು ಅಲ್ಲಿಗೆ ಇಳಿಸಿ, ನಲ್ಲಿ ಕೂರಿಸೋದು. ಪಕ್ಕದ ಮನೆಯವರು ಸೊಂಟದುದ್ದ ತೋಡಿದರೆ ಮುಗಿಯಿತು, ನಿಮ್ಮ ನಲ್ಲಿ ಉಸ್ಸಂತ ಗಾಳಿ ಬಿಡುತ್ತಿತ್ತು. ಯಾರ ಗುಂಡಿ ಆಳವೋ ನೀರು ಅವರದು. ಓದುತ್ತಿರುವ ನಿಮ್ಮಲ್ಲೂ ಎಷ್ಟೋ ಜನ ಅಂಥ ಗುಂಡಿಗೆ ಇಳಿದು ತಂಬಿಗೆಯಲ್ಲಿ ಮೊಗೆದು ಕೊಡ ತುಂಬಿಸಿರುತ್ತೀರಿ. ಒದ್ದೆ ಮಣ್ಣು, ತುಕ್ಕು, ಪಾಚಿ ಎಲ್ಲ ಸೇರಿದ ಆ ವಾಸನೆ ಹೇಗಿರುತ್ತೆ ಅಂತ ನಾನು ಹೇಳಬೇಕಿಲ್ಲ. ನಿಮಗೆ ಆ ವಾಸನೆಗೆ ಊರು ನೆನಪಾಗಬಹುದು. ನನಗೆ ಇವತ್ತಿಗೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ನಮ್ಮದು ಕುರಿ ಸಾಕುವ ಮನೆ. ಬೇಸಿಗೆ ಬಂತೆಂದರೆ ಅಪ್ಪ, ದೊಡ್ಡಪ್ಪ ಇಬ್ಬರೂ ಮಂದೆ ಹೊಡೆದುಕೊಂಡು ದಾವಣಗೆರೆ ಕಡೆಯ ನಾಲೆ ಗದ್ದೆಗಳಿಗೆ ಹೋಗಿಬಿಡುತ್ತಿದ್ದರು. ಮಳೆ ಹಿಡಿಯುವ ತನಕ ಮನೆಯಲ್ಲಿ ಹೆಂಗಸರೇ. ಒಂದೇ ಗೋಡೆಗೆ ಆತುಕೊಂಡ ಎರಡು ಮನೆ. ಒಂದರಲ್ಲಿ ಅವ್ವ, ಅಜ್ಜಿ, ಐದನೇ ಕ್ಲಾಸಿನ ನಾನು. ಇನ್ನೊಂದರಲ್ಲಿ ದೊಡ್ಡವ್ವ ಮತ್ತು ಅವಳ ಎರಡು ಎಮ್ಮೆ. ಭಾಗ ಆದಾಗ ಕುರಿ, ಹೊಲ, ಹಂಡೆ, ಒನಕೆ ಎಲ್ಲವೂ ಎರಡಾಗಿದ್ದವು. ಅಂಗಳದ ಹಗೇವು ಮಾತ್ರ ಒಂದೇ ಉಳಿದಿತ್ತು. ಹಗೇವು ಅಂದರೆ ರಾಗಿ ತುಂಬಿಡುವ ನೆಲಗುಂಡಿ. ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ಒಳಗಿನ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ನೆಲವನ್ನು ಕೊಯ್ದು ಭಾಗ ಮಾಡೋಕೆ ಆಗುತ್ತದಾ? ಹಾಗಾಗಿ ಅದು ಇಬ್ಬರದೂ ಆಗಿತ್ತು.

ನಮ್ಮ ಬೀದಿಯ ನಲ್ಲಿ ರಿಪೇರಿಯೆಲ್ಲ ಅಜ್ಜಿಯದು. ನಗಬೇಡಿ, ನಿಜ. ನಟ್ಟು, ನಲ್ಲಿ ತಿರುವುವ ತಾತನ ಕಾಲದ ಒಂದು ಪಾನ ಇತ್ತು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಅಜ್ಜಿಯೇ ಇಂಜಿನಿಯರು. ನಲ್ಲಿ ತೊಟ್ಟಿಕ್ಕಿದರೆ ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿ ಕೊಯ್ದು ವಾಸರ್ ಮಾಡುತ್ತಿದ್ದಳು. ಪೈಪಿಗೆ ಕಸ ಕಟ್ಟಿದರೆ ನಲ್ಲಿ ಬಿಚ್ಚಿ, ಬಾಯಿ ಇಟ್ಟು ಊದಿ, ಥೂ ಅಂತ ಉಗಿಯುತ್ತಿದ್ದಳು. ಆದರೆ ಅವಳ ನಿಜವಾದ ವಿದ್ಯೆ ಉಣ್ಣೆಯದು. ಪಟ್ಟಣದವರು ನಲ್ಲಿ ಕೂರಿಸುವಾಗ ಥ್ರೆಡ್ಡಿಗೆ ಸೆಣಬು ಸುತ್ತುತ್ತಿದ್ದರು. ಅಜ್ಜಿ ಕಂಬಳಿಗೆಂದು ತಾನೇ ತೆಗೆದ ಕರಿ ಉಣ್ಣೆಯ ನೂಲನ್ನು ಹುಣಸೆ ಬೀಜದ ಸರಿಯಲ್ಲಿ ಅದ್ದಿ ಸುತ್ತುತ್ತಿದ್ದಳು. ಕಂಬಳಿ ನೂಲಿಗೆ ಗಂಜಿ ಹಾಕುವ ಅದೇ ಸರಿ. ಒಣಗಿದರೆ ಕಲ್ಲಿನಂತಾಗುತ್ತಿತ್ತು. ಸರಿ ಕಾಯಿಸುವ ದಿನ ಹುರಿದ ಹುಣಸೆ ಬೀಜದಲ್ಲಿ ಒಂದು ಹಿಡಿ ನನಗೆ ಸಿಗುತ್ತಿತ್ತು, ದವಡೆ ನೋಯುವ ತನಕ ಅಗಿಯುತ್ತಿದ್ದೆ.

ಅಜ್ಜಿಯ ಕಣ್ಣಿಗೆ ಪೊರೆ ಬಂದ ಮೇಲೆ ಸುತ್ತುವ ಕೆಲಸ ನನ್ನದಾಯಿತು. ಅವಳು ಹೇಳಿಕೊಟ್ಟಿದ್ದು ಒಂದೇ ಪಾಠ. ನಲ್ಲಿಯ ಬಾಲ, ಅಂದರೆ ಥ್ರೆಡ್ಡಿರುವ ತುದಿ, ನಿನ್ನ ಕಡೆ ಮಾಡಿಕೊ, ಬಲಕ್ಕೆ ಸುತ್ತು. ಬಲಕ್ಕೆ ಸುತ್ತಿದರೆ ನಲ್ಲಿ ತಿರುವಿದಷ್ಟೂ ನೂಲು ಬಿಗಿಯಾಗುತ್ತದೆ, ಎಡಕ್ಕೆ ಸುತ್ತಿದರೆ ತಿರುವಿದಷ್ಟೂ ಬಿಚ್ಚಿಕೊಂಡು ಹೋಗುತ್ತದೆ. ನನಗೆ ಎಡ ಬಲ ಗೊಂದಲವಾದಾಗ ಅಜ್ಜಿ ಅಂದಳು, "ಗುಡಿ ಸುತ್ತು ಹಾಕೇ ರತ್ನಿ. ಮಸಣದ ಸುತ್ತು ಹಾಕಬ್ಯಾಡ." ಗುಡಿಗೆ ಬಲಕ್ಕೆ ಸುತ್ತುತ್ತೇವೆ. ಮಣ್ಣು ಮಾಡುವಾಗ ಕುಣಿಯನ್ನು ಎಡಕ್ಕೆ ಸುತ್ತುತ್ತೇವೆ. ಆಮೇಲೆ ನನಗೆ ಯಾವತ್ತೂ ತಪ್ಪಲಿಲ್ಲ.

ಆ ಬೇಸಿಗೆ ಅವ್ವ ಬಸುರಿ. ಏಳನೇ ತಿಂಗಳು. ಹೊಸದುರ್ಗದ ಡಾಕ್ಟರಮ್ಮ ಭಾರ ಎತ್ತಲೇಬಾರದು ಅಂತ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಅಜ್ಜಿ ನಮ್ಮ ನಲ್ಲಿಗೆ ಹೊಸ ವಾಸರ್ ಹಾಕಿ, ಗುಂಡಿ ಗೋರಿ, ಇನ್ನೇನು ಮನೆ ಬಾಗಿಲಿಗೇ ನೀರು, ಚಿಂತೆಯಿಲ್ಲ ಅಂತ ಕೂತಳು. ಅದರ ಮುಂದಿನ ವಾರವೇ ದೊಡ್ಡವ್ವ ಇಬ್ಬರು ಆಳು ಕರೆಸಿ ತನ್ನ ಗುಂಡಿಯನ್ನು ಎದೆಯುದ್ದ ಇಳಿಸಿದಳು. ಇಳಿಯೋಕೆ ಮೂರು ಕಲ್ಲಿನ ಮೆಟ್ಟಿಲು ಬೇರೆ. ನಮ್ಮ ನಲ್ಲಿ ಅವತ್ತೇ ಸತ್ತಿತು. ಅಜ್ಜಿ ಹೇಳಿದರೂ ಕೇಳಲಿಲ್ಲ, ಬೇಕಾದರೆ ನೀವೂ ತೋಡಿಕೊಳ್ಳಿ ಅಂದಳು. ನಮ್ಮ ಕಡೆ ಎರಡು ಅಡಿಗೇ ಬಂಡೆ. ಅದು ಅವಳಿಗೂ ಗೊತ್ತಿತ್ತು.

ಊರಾಚೆ ಬೋರಿನ ತೊಂಬೆಯಿಂದ ನೀರು ತರುವುದು ನನ್ನ ಪಾಲಿಗೆ ಬಂತು. ಅಜ್ಜಿಗೆ ಮಂಡಿ ನೋವು. ನಾನು ಸಣ್ಣ ಬಿಂದಿಗೆಯಲ್ಲಿ ದಿನಕ್ಕೆ ಆರು ಸಲ ಹೋಗಿ ಬರುತ್ತಿದ್ದೆ. ಒಂದು ದಿನ, ಒಂದೇ ದಿನ, ಬೇವಿನ ಮರದ ಕೆಳಗೆ ಕುಂಟೆಬಿಲ್ಲೆ ಆಡುತ್ತಾ ನೀರು ಮರೆತೆ. ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿಲ್ಲ. ಮನೆಯಲ್ಲಿ ಮುದ್ದೆಗೆ ಎಸರಿಡಲೂ ನೀರಿಲ್ಲದೆ ಅವ್ವ ದೊಡ್ಡವ್ವನ ಗುಂಡಿ ಹತ್ತಿರ ಹೋಗಿ, ಅಕ್ಕಾ, ಎರಡೇ ಬಿಂದಿಗೆ ಕೊಡು ಅಂತ ಕೇಳಿದ್ದಾಳೆ. ದೊಡ್ಡವ್ವನ ಹಂಡೆ, ಡ್ರಮ್ಮು, ಎಮ್ಮೆಯ ಕಲ್ಲುಬಾನಿ ಎಲ್ಲ ತುಳುಕುತ್ತಿದ್ದವು. ದೊಡ್ಡವ್ವ ಕೊಟ್ಟ ಉತ್ತರವನ್ನು ಜಗುಲಿಯಲ್ಲಿದ್ದ ಅಜ್ಜಿ ಕೇಳಿಸಿಕೊಂಡಿದ್ದಳು.

"ಎಮ್ಮೆಗೇ ಸಾಲವಲ್ದು ಕಣೆ. ತೊಂಬೆ ತಾವ ಹೋಗು. ನಡೆದ್ರೆ ಹೆರಿಗೆ ಸಲೀಸಾಗ್ತೈತೆ."

ಅವ್ವ ಹೋದಳು. ತೊಂಬೆಯ ಪಾಚಿಗಲ್ಲಿನ ಮೇಲೆ ಕೊಡದ ಸಮೇತ ಬಿದ್ದಳು. ಆಟೋದಲ್ಲಿ ಹೊಸದುರ್ಗಕ್ಕೆ ಒಯ್ದರು. ನಾಲ್ಕನೇ ದಿನ ಅವ್ವ ಬರಿಗೈಲಿ ಮನೆಗೆ ಬಂದಳು. ಗಂಡು ಕೂಸಂತೆ. ನರ್ಸು ಅಜ್ಜಿಗೆ ತೋರಿಸಿದ್ದಳಂತೆ, ಮೂಗು ನಮ್ಮಪ್ಪನದೇ ಅಂತೆ.

ಮನೆಗೆ ಬಂದವರಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವಳು ದೊಡ್ಡವ್ವ. ಎಂಥ ಅಳು ಅಂತೀರಿ! ಸೆರಗು ಒದ್ದೆಯಾಗಿತ್ತು, ಕೈಯಲ್ಲಿ ಒಂದು ಚೊಂಬು ಎಮ್ಮೆ ಹಾಲು ಬೇರೆ. ಆ ಹಾಲನ್ನು ನಾನು ಹಿತ್ತಲಲ್ಲಿ ನಾಯಿಗೆ ಸುರಿದೆ. ಬಾಗಿಲ ಸಂದಿಯಲ್ಲಿ ನಿಂತು ಒಂದು ಮಾತು ನನಗೆ ನಾನೇ ಹೇಳಿಕೊಂಡೆ. ಇವಳಿಗೆ ಮಾಡ್ತೀನಿ. ಏನು, ಹೆಂಗೆ ಅಂತ ಗೊತ್ತಿರಲಿಲ್ಲ. ರಾತ್ರಿ ಹಗಲು ಅದೇ ಲೆಕ್ಕ ಹಾಕಿದೆ. ಎಮ್ಮೆಯ ಬಾಲ ಕತ್ತರಿಸಲಾ, ಗುಂಡಿಗೆ ಹಾವಿನ ಪೊರೆ ಹಾಕಲಾ, ಮೆಟ್ಟಿಲಿಗೆ ಹರಳೆಣ್ಣೆ ಬಳಿಯಲಾ? ಹತ್ತು ವರ್ಷದ ಹುಡುಗಿಯ ಹೊಟ್ಟೆಯಲ್ಲಿ ಅಷ್ಟು ಉರಿ ಇರುತ್ತದೆ ಅಂದರೆ ದೊಡ್ಡವರು ನಂಬುವುದಿಲ್ಲ. ಅವ್ವ ಗೋಡೆ ಕಡೆ ಮುಖ ಮಾಡಿ ಚಾಪೆಯ ಮೇಲೆ ಮಲಗಿರುತ್ತಿದ್ದಳು. ಎದೆಗಟ್ಟಿದ ಹಾಲಿಗೆ ಬಟ್ಟೆ ಬಿಗಿದು ಕಟ್ಟಿದ್ದರು.

ಹದಿನೈದು ದಿನ ಕಳೆದಿರಬಹುದು, ದೊಡ್ಡವ್ವನ ನಲ್ಲಿ ಕೆಟ್ಟಿತು. ಎಷ್ಟು ತಿರುಗಿಸಿದರೂ ನಿಲ್ಲದು. ಹೊಸದುರ್ಗದ ಸಂತೆಯಿಂದ ಹೊಸ ಹಿತ್ತಾಳೆ ನಲ್ಲಿ ತಂದು ಅಜ್ಜಿಯನ್ನು ಕರೆದಳು. ಹೋಗಬೇಡ ಅಂತ ನಾನು ಅಜ್ಜಿಯ ಸೆರಗು ಹಿಡಿದು ಜಗ್ಗಿದೆ. ಕೆಲಸಕ್ಕೆ ಕರೆದಾಗ ಒಲ್ಲೆ ಅನ್ನಬಾರದು ಅಂತ ಹೇಳಿ ಅಜ್ಜಿ ಪಾನ ತೆಗೆದುಕೊಂಡಳು. ಉಣ್ಣೆಯ ಉಂಡೆ, ಸರಿಯ ಬಟ್ಟಲು ಹಿಡಿದು ನಾನು ಹಿಂದೆ ಹೋದೆ.

ಅಜ್ಜಿ ಗುಂಡಿಯಲ್ಲಿ ಕೂತು ಹಳೇ ನಲ್ಲಿ ಬಿಚ್ಚಿದಳು. ನಾನು ಮೇಲಿನ ಮೆಟ್ಟಿಲ ಮೇಲೆ ಕೂತು ಹೊಸ ನಲ್ಲಿಯ ಬಾಲವನ್ನು ನನ್ನ ಕಡೆ ತಿರುಗಿಸಿಕೊಂಡೆ. ದೊಡ್ಡವ್ವ ಆಚೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ನೂಲು ಸರಿಯಲ್ಲಿ ಅದ್ದಿದೆ. ಕೈ ತನ್ನಷ್ಟಕ್ಕೆ ಬಲಕ್ಕೆ ಹೊರಟಿತು. ನಿಲ್ಲಿಸಿದೆ. ಎಡಕ್ಕೆ ಸುತ್ತಿದೆ. ಒಂದು ಸುತ್ತು, ಎರಡು, ಮೂರು. ಕುಣಿಯ ಸುತ್ತ ಸುತ್ತುವಷ್ಟೇ ಸುತ್ತು. ಆಮೇಲೆ ಲೆಕ್ಕವಿಲ್ಲದೆ ಸುತ್ತಿ, ಸರಿ ಬಳಿದು, ಅಜ್ಜಿಯ ಕೈಗೆ ಕೊಟ್ಟೆ.

ಅಜ್ಜಿ ಎಂದಿನಂತೆ ಹೆಬ್ಬೆರಳನ್ನು ಉಣ್ಣೆಯ ಮೇಲೆ ಆಡಿಸಿದಳು. ಸ್ವಲ್ಪ ತಡೆದಳು. ಸರಿ ಜಾಸ್ತಿಯಾಯಿತೇನೋ ಅಂದುಕೊಂಡೆ. ಆಮೇಲೆ ನಲ್ಲಿಯನ್ನು ಪೈಪಿಗೆ ಇಟ್ಟು ಪಾನದಿಂದ ತಿರುವಿ ಬಿಗಿ ಮಾಡಿದಳು. ದೊಡ್ಡವ್ವ ಬಂದು ನೋಡಿ, ಅತ್ತೆ ಕೈಯಿ ಅಂದ್ರೆ ಕೈಯಿ ಅಂತ ಹೊಗಳಿದಳು.

ಸೇಡು ಸೋರತೊಡಗಿತು. ನೀರು ಬಿಟ್ಟ ದಿನ ನಲ್ಲಿ ಬಂದ್ ಮಾಡಿದ ಮೇಲೂ ಅದರ ಬುಡದಿಂದ ನೂಲಿನಂಥ ಧಾರೆ ಇಳಿಯುತ್ತಿತ್ತು. ದೊಡ್ಡವ್ವ ಮಾತ್ರ ಕೊಡ ತುಂಬಿಸುವಾಗ ಚೆಲ್ಲಿದ್ದು ಅಂದುಕೊಂಡು ಗುಂಡಿಯ ಮೇಲೆ ಚಪ್ಪಡಿ ಎಳೆದುಬಿಡುತ್ತಿದ್ದಳು. ಬೆಳಿಗ್ಗೆ ಅಷ್ಟೂ ನೀರನ್ನು ನೆಲ ಕುಡಿದಿರುತ್ತಿತ್ತು. ನಾನು ಆಟ ಆಡುವ ನೆಪದಲ್ಲಿ ಹೋಗಿ ಚಪ್ಪಡಿಗೆ ಕಿವಿ ಇಟ್ಟು ಆ ಸದ್ದು ಕೇಳಿ ಬರುತ್ತಿದ್ದೆ. ಗುಂಡಿ ಕುಸಿಯಲಿ, ಮೆಟ್ಟಿಲು ಜಾರಲಿ, ಇವಳೂ ಒಂದು ದಿನ ಬೀಳಲಿ. ಬೇಸಿಗೆ ರಜೆಯೆಲ್ಲ ನನ್ನ ಪ್ರಾರ್ಥನೆ ಅದೇ. ಸುಳ್ಳು ಯಾಕೆ ಹೇಳಲಿ, ಆ ಸದ್ದು ಕೇಳಿದ ದಿನ ನನಗೆ ಊಟ ರುಚಿಸುತ್ತಿತ್ತು.

ಮಳೆ ಹಿಡಿದು ಗಂಡಸರು ಮಂದೆ ಸಮೇತ ವಾಪಸ್ಸಾದರು. ಶ್ರಾವಣದಲ್ಲಿ ಮನೆಯ ರಾಗಿ ಮುಗಿದು ಹಗೇವು ತೆಗೆದರು. ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಟ್ಟು, ದೀಪ ಇಳಿಸಿ ನೋಡಿ, ದೊಡ್ಡಪ್ಪ ಹಗ್ಗ ಹಿಡಿದು ಇಳಿದ. ಅಂಗಳದಲ್ಲಿ ಎರಡು ಮನೆಯವರೂ ಮಂಕರಿ ಹಿಡಿದು ನಿಂತಿದ್ದೆವು. ಮೊದಲ ಮಂಕರಿ ಮೇಲೆ ಬಂದಾಗ ಅದರಲ್ಲಿ ರಾಗಿ ಇರಲಿಲ್ಲ, ಕರಿ ಹೆಂಟೆ ಇತ್ತು. ನಾತಕ್ಕೆ ಅವ್ವ ಸೆರಗು ಮುಚ್ಚಿಕೊಂಡಳು. ದೊಡ್ಡವ್ವನ ಗುಂಡಿಯ ಕಡೆಯ ಗೋಡೆ ಪೂರಾ ನೆನೆದು, ಅರ್ಧಕ್ಕರ್ಧ ರಾಗಿ ಮೊಳೆತು ಕೊಳೆತಿತ್ತು. ಗುಂಡಿಗೂ ಹಗೇವಿಗೂ ನಡುವೆ ಇದ್ದದ್ದು ಮೂರು ಹೆಜ್ಜೆ. ಆ ಮೂರು ಹೆಜ್ಜೆ ನನ್ನ ತಲೆಗೇ ಹೊಳೆದಿರಲಿಲ್ಲ. ಅವಳ ಗುಂಡಿಗೆ ನೀರು ಬಿಟ್ಟೆ ಅಂದುಕೊಂಡರೆ ಎರಡೂ ಮನೆಯ ಅನ್ನಕ್ಕೆ ಬಿಟ್ಟಿದ್ದೆ.

ದೊಡ್ಡವ್ವ ಅಂಗಳದಲ್ಲೇ ಕುಕ್ಕರಿಸಿ ಹಣೆ ಚಚ್ಚಿಕೊಂಡಳು. ತಾನು ಗುಂಡಿ ಆಳ ಮಾಡಿಸಿದ್ದಕ್ಕೇ ಹಿಂಗಾಯ್ತು, ಕೈಯಾರೆ ಮಾಡ್ಕಂಡೆ ಅಂತ ಅತ್ತಳು. ಯಾರೂ ಇಲ್ಲ ಅನ್ನಲಿಲ್ಲ. ಅಜ್ಜಿಯೂ ಅನ್ನಲಿಲ್ಲ. ಅವತ್ತು ಸಂಜೆಯೇ ಗುಂಡಿಗೆ ಮಣ್ಣು ಬಿತ್ತು, ಪೈಪು ಮೇಲೆ ಬಂತು. ನಲ್ಲಿ ಮತ್ತೆ ಕೂರಿಸುವಾಗ ಅಜ್ಜಿ ಉಣ್ಣೆಯನ್ನು ತಾನೇ ಸುತ್ತಿದಳು, ನನ್ನ ಕೈಗೆ ಕೊಡಲಿಲ್ಲ.

ಮುಂದಿನ ಸಲ ನೀರು ಬಿಟ್ಟಾಗ ನಮ್ಮ ನಲ್ಲಿ ಎರಡು ಸಲ ಕೆಮ್ಮಿ, ಮಣ್ಣು ಉಗುಳಿ, ಧಾರೆಯಾಗಿ ಬಂತು. ಅವ್ವ ಗುಂಡಿಯ ಅಂಚಿನಲ್ಲಿ ಕೂತು ನೋಡಿದಳು. ಕೊಡ ಪಕ್ಕದಲ್ಲೇ ಇತ್ತು, ಹಿಡಿಯಲಿಲ್ಲ.

"ಈಗ ಬಂತು" ಅಂದಳು.

ನೀರು ಸುಮ್ಮನೆ ಹರಿಯುತ್ತಿತ್ತು. ಅಜ್ಜಿಯೇ ಇಳಿದು ನಲ್ಲಿ ನಿಲ್ಲಿಸಿದಳು.

ಆ ವರ್ಷವೆಲ್ಲ ಮುಗ್ಗಲು ರಾಗಿಯ ಮುದ್ದೆ. ಏಳು ಸಲ ತೊಳೆದು ಒಣಗಿಸಿ ಬೀಸಿದರೂ ಕಮಟು ಹೋಗಲಿಲ್ಲ. ಹುರುಳಿ ಸಾರಿಗೆ ಎಷ್ಟು ಬೆಳ್ಳುಳ್ಳಿ ಜಜ್ಜಿದರೂ ಗಂಟಲಲ್ಲಿ ಇಳಿಯದು. ಒಂದು ಮಧ್ಯಾಹ್ನ ನಾನು ತಟ್ಟೆ ದೂಡಿದೆ. ಅವ್ವ ಹಿತ್ತಲಲ್ಲಿದ್ದಳು. ಅಜ್ಜಿ ತಟ್ಟೆಯನ್ನು ಮತ್ತೆ ನನ್ನ ಮುಂದೆ ಸರಿಸಿ, ತನ್ನ ತಟ್ಟೆಯ ಮುದ್ದೆ ಮುರಿಯುತ್ತಾ ಮೆಲ್ಲಗೆ ಅಂದಳು.

"ತಿನ್ನು. ಎಡಕ್ಕೆ ಸುತ್ತಿದೋಳು ನೀನು, ಗೊತ್ತಿದ್ದೂ ತಿರುವಿದೋಳು ನಾನು. ಹಗೇವು ನನ್ನ ತಲೆಗೂ ಹೊಳೀಲಿಲ್ಲ. ಇಬ್ರೂ ತಿನ್ನಾಣ."

ತಿಂದೆವು. ಆಮೇಲೆ ಅದರ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಎಪ್ಪತ್ತು ವರ್ಷ ನೂಲು ತೆಗೆದ ಹೆಬ್ಬೆರಳಿಗೆ ತಿರುವು ಗೊತ್ತಾಗದೆ ಇರುತ್ತದಾ? ಗುಂಡಿಯಲ್ಲಿ ಅವಳು ತಡೆದದ್ದು ಯಾಕೆ ಅಂತ ನನಗೆ ಅವತ್ತು ತಿಳಿಯಿತು. ಜಗತ್ತಿನಲ್ಲಿ ನನ್ನ ಸಿಟ್ಟನ್ನು ಅಷ್ಟು ಪೂರ್ತಿಯಾಗಿ ಹಂಚಿಕೊಂಡವರು ಬೇರೆ ಯಾರೂ ಇಲ್ಲ.

ಈಗ ನಾನು ಹೊಸದುರ್ಗದಲ್ಲಿದ್ದೇನೆ. ನಮ್ಮ ಮನೆ ನಲ್ಲಿಯ ವಾಸರ್ ನಾನೇ ಬದಲಿಸುತ್ತೇನೆ, ಸಿಂಕು ಕಟ್ಟಿದರೆ ನಾನೇ ಬಿಚ್ಚುತ್ತೇನೆ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಊರಲ್ಲಿ ಮನೆ ಮನೆಯ ಮೇಲೂ ಕರಿ ಟ್ಯಾಂಕು, ಗುಂಡಿಗಳಿಲ್ಲ. ಹಗೇವನ್ನು ಮುಚ್ಚಿ ಸಿಮೆಂಟು ಹಾಕಿ ಬೈಕು ನಿಲ್ಲಿಸುತ್ತಾರೆ. ಕಂಬಳಿ ಮಗ್ಗದ ಜಾಗದಲ್ಲಿ ಬಚ್ಚಲುಮನೆ ಬಂದಿದೆ.

ಹೋದ ತಿಂಗಳು ಊರಿಗೆ ಹೋದಾಗ ದೊಡ್ಡವ್ವ ಕರೆದಳು. ಬಚ್ಚಲ ನಲ್ಲಿ ಬುಡದಲ್ಲಿ ಸೋರುತ್ತಿತ್ತು. ಬೆನ್ನು ಬಾಗಿದೆ, ಕೋಲು ಹಿಡಿದಿದ್ದಾಳೆ. ನಾನು ಅಜ್ಜಿಯ ಪಾನದಿಂದ ನಲ್ಲಿ ಬಿಚ್ಚಿ, ಅಂಗಡಿಯ ಬಿಳಿ ಟೇಪು ಕೈಗೆ ತೆಗೆದುಕೊಂಡೆ. ಅವಳು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಅಂದಳು, "ಆ ಗುಂಡಿ ನಾನು ತೆಗೆಸಬಾರದಿತ್ತು ಕಣೆ ರತ್ನಿ. ಎಷ್ಟು ರಾಗಿ ಹಾಳಾತು."

ರಾಗಿ! ಇಷ್ಟು ವರ್ಷವಾದರೂ ಅವಳ ಬಾಯಲ್ಲಿ ರಾಗಿ ಬಂತೇ ಹೊರತು ಕೂಸು ಬರಲಿಲ್ಲ. ಇದ್ದಿದ್ದರೆ ಈ ಪಾನ ಇವತ್ತು ಅವನ ಕೈಯಲ್ಲಿರುತ್ತಿತ್ತು, ಅಪ್ಪನ ಮೂಗಿನವನ ಕೈಯಲ್ಲಿ. ರಾಗಿ ಕೆಡಿಸಿದ್ದು ನಿನ್ನ ಗುಂಡಿಯಲ್ಲ, ನನ್ನ ಕೈ ಅಂತ ಒಂದು ಮಾತು ಹೇಳಿದ್ದರೆ ಮುದುಕಿಯ ಎದೆಯ ಭಾರ ಇಳಿದುಬಿಡುತ್ತಿತ್ತು. ನನಗದು ಗೊತ್ತಿತ್ತು. ಗೊತ್ತಿದ್ದೇ ಹೇಳಲಿಲ್ಲ. ಹೊತ್ತುಕೊಂಡೇ ಇರಲಿ.

ಟೇಪನ್ನು ಬಲಕ್ಕೇ ಸುತ್ತಿದೆ. ಎಡಕ್ಕೆ ಸುತ್ತುವ ಆಸೆ ಬೆರಳ ತುದಿಯ ತನಕ ಬಂದಿತ್ತು. ಆದರೆ ಹೆಬ್ಬೆರಳಾಡಿಸಿ ನೋಡಿ, ಗೊತ್ತಾಗಿಯೂ ಸುಮ್ಮನೆ ತಿರುವುವವಳು ಈಗ ಇಲ್ಲ.