ಗಂಗಾಧರ ಕೊಟ್ಟ ಹಿಂಕೋಣೆ

ಗಂಗಾಧರ ತನ್ನ ಅಂಗಡಿಯ ಹಿಂದಿನ ಕೋಣೆಯನ್ನು ಬಿಟ್ಟುಕೊಡಲು ಒಪ್ಪಿದ್ದ. ಒಪ್ಪಲಿಲ್ಲ ಎಂದು ಹೇಳಿದವನು ನಾನು.

ಸಂಗತಿ ಇಷ್ಟೇ. ಇದನ್ನು ಹೇಳಲು ನನಗೆ ಹಲವು ವರ್ಷ ಬೇಕಾಯಿತು. ಈ ಯುಗಾದಿಯ ದಿನ ಲಂಡನ್ನಿನ ಗ್ರೀನ್‌ಫರ್ಡಿನ ಹಾಲ್‌ನಲ್ಲಿ ಸೇರಿದ್ದ ನೀವೆಲ್ಲ ನನಗಾಗಿ ಚಪ್ಪಾಳೆ ತಟ್ಟಿದಿರಿ. ನಾನು ಕೈಮುಗಿದು ಅದನ್ನು ತೆಗೆದುಕೊಂಡೆ. ತೆಗೆದುಕೊಳ್ಳಬಾರದಿತ್ತು. ಆದ್ದರಿಂದ ನಮ್ಮ ಕನ್ನಡ ಸಂಘದ ಸಂಚಿಕೆಗೆ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ ಎಂದವರಿಗೆ ಇದನ್ನು ಬರೆದು ಕಳಿಸುತ್ತಿದ್ದೇನೆ.

ನಾನು ಧಾರವಾಡದವನು, ವೈದ್ಯ. ನನ್ನ ಸೇವೆಯ ಬಹುಪಾಲು ಕಳೆದದ್ದು ವೇಲ್ಸ್‌ನ ಕಲ್ಲಿದ್ದಲ ಕಣಿವೆಯ ಒಂದು ಸಣ್ಣ ಊರಿನಲ್ಲಿ. ಈ ದೇಶದ ಡಾಕ್ಟರುಗಳು ಹೋಗಲೊಲ್ಲದ ಅಂಥ ಊರುಗಳಿಗೆ ಆಗ ನಮ್ಮಂಥವರು ಹೋಗುತ್ತಿದ್ದೆವು. ನಾನು ಹೋದ ಕೆಲವೇ ವರ್ಷಗಳಲ್ಲಿ ಗಣಿ ಮುಚ್ಚಿತು. ಆಮೇಲೆ ಪೇಟೆಯ ಬೀದಿಯ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಗಾಜಿನ ಕಿಟಕಿಗಳಿಗೆ ಹಲಗೆ ಬಡಿದರು. ಗಣಿ ಕಾರ್ಮಿಕರು ತಮ್ಮ ಕೂಲಿಯಲ್ಲಿ ಅಷ್ಟಿಷ್ಟು ತೆಗೆದಿಟ್ಟು ಕಟ್ಟಿದ ಭವನ — ಕೆಳಗೆ ವಾಚನಾಲಯ, ಮೇಲೆ ನಾಟಕ ಮತ್ತು ಕುಣಿತದ ಹಾಲ್ — ಪಾರಿವಾಳಗಳ ಪಾಲಾಯಿತು. ಬೀದಿಯ ನಟ್ಟನಡುವೆ ನನ್ನ ದವಾಖಾನೆ ಇತ್ತು. ಅದರ ಪಕ್ಕದಲ್ಲೇ ಗಂಗಾಧರನ ಔಷಧದ ಅಂಗಡಿ.

ಗಂಗಾಧರ ಬೆಳಗಾವಿ ಕಡೆಯವನು. ಆ ಅಂಗಡಿ ಮಾರಾಟಕ್ಕಿದೆ, ಬಂದುಬಿಡು ಎಂದು ಅವನನ್ನು ಕರೆಸಿಕೊಂಡವನೂ ನಾನೇ. ಅವನ ಹೆಂಡತಿ ಶಾರದಾ ನನ್ನನ್ನು ‘ಅಣ್ಣಾರ’ ಎಂದು ಕರೆಯುತ್ತಿದ್ದಳು. ಇಡೀ ಕಣಿವೆಯಲ್ಲಿ ಕನ್ನಡ ಬಲ್ಲ ಮನೆಗಳು ನಮ್ಮವೆರಡೇ.

ಬೀದಿಯನ್ನು ಮತ್ತೆ ಎಬ್ಬಿಸಬೇಕೆಂದು ಊರಿನ ಕೆಲವರು ಸಮಿತಿ ಮಾಡಿಕೊಂಡಾಗ ಶಾರದಾ ಅದರ ಕಾರ್ಯದರ್ಶಿಯಾದಳು. ಹಳೆಯ ಅಂಗಡಿಗಳ ಮುಖಗಳನ್ನು ಕೆರೆದು, ಕೆಳಗೆ ಸಿಕ್ಕ ಮೂಲ ಬಣ್ಣವನ್ನೇ ಮತ್ತೆ ಹಚ್ಚಿದರು. ಭವನದ ಚಾವಣಿ ಸರಿಮಾಡಿಸಿದರು. ಶನಿವಾರ ಸಂತೆ ಶುರುವಾಯಿತು. ಒಂದು ದೀಪಾವಳಿಗೆ ಶಾರದಾ ಮುಚ್ಚಿದ ಅಂಗಡಿಗಳ ಕಿಟಕಿಗಳಲ್ಲೂ ದೀಪ ಇಟ್ಟಳು. “ಯಾರೂ ಇಲ್ಲದ ಅಂಗಡಿಗೆ ದೀಪ ಯಾಕ?” ಎಂದು ನಾನು ಕೇಳಿದ್ದಕ್ಕೆ, “ಯಾರರೆ ಬರಲಿ ಅಂತನ ಇಡೂದು ಅಣ್ಣಾರ. ಇದ್ದವರಿಗೆ ದೀಪ ಯಾಕ ಬೇಕು, ಲೈಟ್ ಐತಲ್ಲ!” ಎಂದು ನಕ್ಕಳು.

ಆದರೆ ಬೀದಿಗೆ ದಿನವೂ ಜನ ಬರುತ್ತಿದ್ದದ್ದು ದವಾಖಾನೆಗಾಗಿ. ನನ್ನ ಬಳಿ ಬಂದವರು ಗಂಗಾಧರನಲ್ಲಿ ಔಷಧ ತೆಗೆದುಕೊಂಡು, ಬೇಕರಿಯಲ್ಲಿ ಕೂತು ಚಹಾ ಕುಡಿದು, ಹೊಸದಾಗಿ ತೆರೆದ ಒಂದೆರಡು ಅಂಗಡಿಗೆ ಇಣುಕಿ ಮನೆಗೆ ಹೋಗುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ನನಗೂ.

ಹೀಗಿರುವಾಗ ಆರೋಗ್ಯ ಮಂಡಳಿ ಊರಾಚೆ, ಬೈಪಾಸ್ ಪಕ್ಕ, ಹೊಸ ಕಟ್ಟಡ ಕಟ್ಟಿತು. ನನ್ನ ದವಾಖಾನೆ ಇಕ್ಕಟ್ಟಿನದು, ಗಾಲಿಕುರ್ಚಿ ತಿರುಗಲೂ ಜಾಗವಿಲ್ಲ. ನೆಲಮಟ್ಟದಲ್ಲಿ ಇನ್ನೊಂದು ಕೋಣೆ ಸಿಕ್ಕರೆ ಇಲ್ಲೇ ಇರಬಹುದು, ಇಲ್ಲವಾದರೆ ಅಲ್ಲಿಗೆ ಹೋಗಬೇಕು ಎಂದರು. ಆ ಇನ್ನೊಂದು ಕೋಣೆ ಗಂಗಾಧರನ ಅಂಗಡಿಯ ಹಿಂಕೋಣೆಯಲ್ಲದೆ ಬೇರೆ ಇರಲಿಲ್ಲ. ನಡುವೆ ಒಂದು ಗೋಡೆ, ಅಷ್ಟೇ.

ನಾನು ಗಂಗಾಧರನನ್ನು ಕೇಳಿದ್ದು ಬೀದಿಯಲ್ಲೇ, ಎರಡೂ ಬಾಗಿಲುಗಳ ನಡುವೆ ನಿಂತು.

“ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡು ನಿಂತೀರೇನ್ರಿ ಡಾಕ್ಟ್ರ? ತಗೋರಿ ಖೋಲಿ. ನಾಳೆನ ಗ್ವಾಡಿ ಒಡಸ್ರಿ. ನನ್ನ ಡಬ್ಬಿ-ಗಿಬ್ಬಿ ಮ್ಯಾಲ ಹೊತ್ತು ಹಾಕ್ತೀನಿ.”

“ವಿಚಾರ ಮಾಡಿ ಹೇಳೋ ಗಂಗಾಧರ.”

“ವಿಚಾರ ಮಾಡಾಕ ಅದೇನು ಹೆಣ್ಣು ಕೊಡೂದೈತೇನ್ರಿ? ಖೋಲಿ ಐತಿ!”

ಬೇಕರಿಯ ಮುದುಕ ಬಾಗಿಲಿಗೆ ಬಂದು, ಏನು ಅಷ್ಟು ನಗು ಎಂದು ಇಂಗ್ಲಿಷಿನಲ್ಲಿ ಕೇಳಿದ. ಹವೆಯ ಮಾತಾಡುತ್ತಿದ್ದೇವೆ ಎಂದೆ. ಯಾಕೆ ಹಾಗೆಂದೆನೋ — ಇಲ್ಲ, ಯಾಕೆಂದು ನನಗೆ ಗೊತ್ತಿದೆ. ಆಗಲೇ ನನ್ನ ಮನಸ್ಸು ಬೇರೆಡೆ ಇತ್ತು.

ನಮ್ಮ ಕಡೆ, ಬಾಯಿಂದ ಕೊಟ್ಟವನಿಗೆ ಬರೆದು ಕೊಡು ಎನ್ನುವುದು ಅವಮಾನ. ಅವನು ಬರೆದು ಕೊಡಲಿಲ್ಲ, ನಾನು ಕೇಳಲಿಲ್ಲ. ಆ ಮಾತು ಇದ್ದದ್ದು ಕನ್ನಡದಲ್ಲಿ ಮಾತ್ರ, ಕನ್ನಡ ಬಾರದ ಊರಿನಲ್ಲಿ.

ಮಂಡಳಿಯ ಸಭೆಯಲ್ಲಿ ಅಧಿಕಾರಿ ಕೇಳಿದರು, ನೆರೆಯವರು ಕೋಣೆ ಬಿಟ್ಟುಕೊಡುತ್ತಾರೆಯೇ ಡಾಕ್ಟರ್ ಎಂದು.

“ಇಲ್ಲ. ಅವರು ಒಪ್ಪುತ್ತಿಲ್ಲ,” ಎಂದೆ.

ಕಾರಣ ಹೇಳುತ್ತೇನೆ, ನೆಪವೆಂದು ತಿಳಿಯಬೇಡಿ. ನಾನು ಬೋರ್ಡಿಂಗಿನಲ್ಲಿ ಬೆಳೆದವನು. ಗಂಟೆಗೆ ಏಳಬೇಕು, ಗಂಟೆಗೆ ಉಣ್ಣಬೇಕು, ಹಾಸಿಗೆಯ ಅಂಚು ನೆಟ್ಟಗಿರಬೇಕು. ಆ ಹಳೆಯ ದವಾಖಾನೆಯಲ್ಲಿ ಯಾವುದಕ್ಕೂ ಅಂಕೆ ಇರಲಿಲ್ಲ. ವೇಳೆ ಗೊತ್ತುಮಾಡದೆ ಬರುವವರು, ಮೆಟ್ಟಿಲಿಗೆ ಕಟ್ಟಿದ ನಾಯಿಗಳು, ನೀರು ಸುರಿಸುವ ಕೊಡೆಗಳು, ತಮ್ಮ ಸರದಿ ಬಂದರೂ ಮಾತು ಮುಗಿಸಿ ಏಳುವ ಮುದುಕಿಯರು. ಸಭೆಗೆ ಮೊದಲೇ ನನಗೆ ಹೊಸ ಕಟ್ಟಡ ತೋರಿಸಿದ್ದರು. ಬಾಗಿಲಿಗೊಂದು ನಂಬರು. ನೆಲಕ್ಕೆ ಬಿಗಿದ ಕುರ್ಚಿಗಳು. ಸರದಿ ಬಂದವರ ಹೆಸರು ಮೂಡುವ ಟಿವಿ ಪರದೆ. ನನಗೆ ಅದು ಬೇಕೆನಿಸಿತು. ಬೇಕು ಎಂದು ಬಾಯಿಬಿಟ್ಟು ಹೇಳಿ ಹೋಗಿದ್ದರೆ ಬೀದಿಯವರು ನನ್ನನ್ನು ಬೈಯುತ್ತಿದ್ದರು, ಅಷ್ಟೇ ಆಗುತ್ತಿತ್ತು. ಆ ಬೈಗುಳವೂ ನನಗೆ ಬೇಡವಾಗಿತ್ತು. ಕಟ್ಟಡವೂ ಬೇಕು, ಬೀದಿಯವರ ಪ್ರೀತಿಯೂ ಬೇಕು —

ಎರಡೂ ಸಿಕ್ಕವು.

ದವಾಖಾನೆ ಹೋದ ಮೇಲೆ ಬೀದಿಗೆ ಬರುವವರು ಕಡಿಮೆಯಾದರು. ಹೊಸ ಅಂಗಡಿಗಳು ಮೊದಲು ಮುಚ್ಚಿದವು, ಆಮೇಲೆ ಬೇಕರಿ. ಔಷಧದ ಅಂಗಡಿಯವನು ಒಂದು ಕೋಣೆ ಬಿಡಲಿಲ್ಲ, ಅದಕ್ಕೇ ಡಾಕ್ಟರು ಹೋಗಬೇಕಾಯಿತು ಎಂಬ ಮಾತು ಊರೆಲ್ಲ ಹರಡಿತು. ಸಮಿತಿಯ ಸಭೆಗೆ ಶಾರದಾ ಹೋದರೆ ಯಾರೂ ಅವಳ ಪಕ್ಕದಲ್ಲಿ ಕೂರಲಿಲ್ಲವಂತೆ. ಕೆಲವೇ ತಿಂಗಳಲ್ಲಿ ಸಮಿತಿಯೂ ಇಲ್ಲವಾಯಿತು.

ಗಣಿಯ ಧೂಳಿನಿಂದ ಎದೆ ಹಾಳಾಗಿದ್ದ ಒಬ್ಬ ಹಳೆಯ ಕಾರ್ಮಿಕ ನನ್ನನ್ನು ನೇರವಾಗಿ ಕೇಳಿದ: “ನಿಮ್ಮ ಗೆಳೆಯ ಒಂದು ಕೋಣೆ ಕೊಡಲಿಲ್ಲವಂತೆ, ನಿಜವೇ?” ನಾನು ಅವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಉಸಿರು ಎಳೆದುಕೊಳ್ಳಿ ಎಂದೆ. ಆಮೇಲೆ, “ಹೋಗಲಿ ಬಿಡಿ. ಅವನನ್ನು ಏನೂ ಅನ್ನಬೇಡಿ,” ಎಂದೆ. ಎಂಥ ದೊಡ್ಡ ಮನಸ್ಸು ಎಂಬಂತೆ ಅವನು ನನ್ನ ಮುಖ ನೋಡಿದ. ಸಭೆಯಲ್ಲಿ ಆಡಿದ ಸುಳ್ಳಿಗಿಂತ ಈ ಮಾತು ಕೀಳು. ಆ ಸುಳ್ಳು ಒಮ್ಮೆ ಆಡಿದ್ದು. ಇದನ್ನು, ಕೇಳಿದವರಿಗೆಲ್ಲ ಆಡಿದೆ.

ಗಂಗಾಧರನೂ ಬಂದ. ಹೊಸ ಕಟ್ಟಡಕ್ಕೆ ಅವನು ಬಂದದ್ದು ಅದೊಂದೇ ಸಲ.

“ಡಾಕ್ಟ್ರ, ಮಂದಿ ಎಲ್ಲಾ ನನ್ನ ಮ್ಯಾಲ ಹಾಕ್ಯಾರ. ನನ್ನ ಮಾತು ಯಾರೂ ನಂಬವಲ್ರು. ನೀವೊಂದು ಮಾತು ಹೇಳ್ರಿ, ಸಾಕು. ನಿಮ್ಮದು ನಂಬ್ತಾರ.”

“ಮಂಡಳಿಯವರು ಹಂಗ ಹಬ್ಬಿಸಿರಬೇಕೋ. ನಾ ಭಾಳ ಹೊಡದಾಡಿದೆ. ಈಗ ಮಾತು ಬೆಳಸಬ್ಯಾಡ. ಸುಮ್ಮನಿರು.”

ನಾನು ಹೇಳಿದೆನೆಂದು ಅವನು ಸುಮ್ಮನಾದ. ಜನ ಅದನ್ನು ತಪ್ಪೊಪ್ಪಿಗೆ ಎಂದುಕೊಂಡರು.

ಅಂಗಡಿ ನಡೆಯದೆ ಅವರು ಲಂಡನ್ನಿನ ಫೆಲ್ಥಮ್‌ಗೆ ಬಂದರು. ಸ್ವಂತ ಅಂಗಡಿ ಇಟ್ಟಿದ್ದವನು ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಅಲ್ಲಿಯೇ ತೀರಿಕೊಂಡ. ಅಂತ್ಯಕ್ರಿಯೆಯ ದಿನ ನಾನು ಅವನ ಬಗ್ಗೆ ಮಾತಾಡಿದೆ. ಅವನ ನಗು, ಅವನ ಕೈಗುಣ, ಎಲ್ಲ ಹೇಳಿದೆ. ಒಂದನ್ನು ಬಿಟ್ಟು —

ನಿವೃತ್ತನಾದ ಮೇಲೆ ನಾನೂ ಲಂಡನ್ನಿಗೆ ಬಂದೆ. ನನ್ನ ಹೆಂಡತಿ ವಿಮಲಾ ತೀರಿಹೋದ ಬಳಿಕ ಗ್ರೀನ್‌ಫರ್ಡಿನ ಫ್ಲ್ಯಾಟ್‌ನಲ್ಲಿ ಒಬ್ಬನೇ ಇದ್ದೇನೆ. ಬೆಳಗಿನ ನಡಿಗೆ, ಊಟ, ಓದು, ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಯಾರೂ ಬಂದು ಅದನ್ನು ಕೆಡಿಸುವುದಿಲ್ಲ. ಲಿಫ್ಟ್‌ನಲ್ಲಿ ಸಿಕ್ಕವರು ತಲೆಯಾಡಿಸುತ್ತಾರೆ. ಕೆಲವು ವಾರ ನನ್ನ ಧ್ವನಿಯನ್ನು ನಾನೇ ಕೇಳಿರುವುದಿಲ್ಲ. ಮೆಟ್ಟಿಲಿಗೆ ನಾಯಿ ಕಟ್ಟಿ ಬರುತ್ತಿದ್ದ ಆ ಜನರಲ್ಲಿ ಒಬ್ಬರಾದರೂ ಬಾಗಿಲು ಬಡಿಯಲಿ ಎನಿಸುತ್ತದೆ. ಫೆಲ್ಥಮ್ ಇಲ್ಲಿಂದ ದೂರವಲ್ಲ. ಶಾರದಾ ಎಷ್ಟೋ ಸಲ ಊಟಕ್ಕೆ ಕರೆದಳು. ಪ್ರತಿ ಸಲವೂ ಒಂದು ಕಾರಣ ಹೇಳಿದೆ.

ಯುಗಾದಿಯ ದಿನ ತಪ್ಪಿಸಿಕೊಳ್ಳಲಾಗಲಿಲ್ಲ. ಅವಳು ಮೈಕ್ ಹಿಡಿದು, “ನಮ್ಮ ಬೀದಿ ಉಳಿಸೋದಕ್ಕೆ ಕೊನೇವರೆಗೂ ಹೋರಾಡಿದವರು ಇವರು,” ಎಂದಳು. ನೀವು ಚಪ್ಪಾಳೆ ತಟ್ಟಿದಿರಿ. ಊಟಕ್ಕೆ ಕೂತಾಗ ಪಕ್ಕಕ್ಕೆ ಬಂದಳು.

“ಅಣ್ಣಾರ, ಗೊತ್ತೈತೇನು? ನಮ್ಮ ಹಳೇ ಊರಾಗ ಹುಡುಗ್ರು ಮತ್ತ ಪೇಟಿ ಎಬ್ಬಿಸ್ಯಾರ. ಮುಚ್ಚಿದ್ದ ಭವನದ ಬಾಗಲಾ ಮತ್ತ ತೆಗೀತಾರಂತ. ಹಳೇ ಅಂಗಡಿ ಹೆಸರೆಲ್ಲಾ ಗ್ವಾಡಿ ಮ್ಯಾಲ ಬರಸ್ಯಾರ, ಫೋಟೋ ಕಳಸ್ಯಾರ ನೋಡ್ರಿ. ಬೇಕರಿ ಐತಿ, ಬಟ್ಟಿ ಅಂಗಡಿ ಐತಿ, ನಿಮ್ಮ ದವಾಖಾನಿ ಐತಿ. ನಮ್ಮದಿಲ್ಲ.” ಹೋಳಿಗೆ ಮುರಿಯುತ್ತ ಹೇಳಿದಳು. “ಮರತಿರಬೇಕು. ತೆಗೆಯೋ ದಿನ ನಾವಿಬ್ರೂ ಹೋಗೂಣಂತ. ನೀವು ನಾಕು ಮಾತು ಆಡ್ರಿ, ನಮ್ಮ ಮನಿಯವರ ಹೆಸರು ಹೇಳ್ರಿ.”

ಅವರು ಮರೆತಿರಲಿಲ್ಲ. ಬೇಕೆಂದೇ ಬಿಟ್ಟಿದ್ದರು. ಅದು ಅವಳಿಗೂ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಮರುವಾರ ಫೆಲ್ಥಮ್‌ಗೆ ಹೋದೆ. ಶಾರದಾಳ ಮಗಳು ಏರ್‌ಪೋರ್ಟಿನ ಕೆಲಸಕ್ಕೆ ಹೋಗಿದ್ದಳು. ಅಡುಗೆಮನೆಯಲ್ಲಿ ನಿಂತೇ ಹೇಳಿದೆ. ನಡುವೆ ವಿಮಾನವೊಂದು ಮನೆಯ ಮೇಲೇ ಹಾದುಹೋಯಿತು. ಅವಳು, “ಏನಂದ್ರಿ ಅಣ್ಣಾರ? ಕೇಳಲಿಲ್ಲ,” ಎಂದಳು. ಎರಡನೆಯ ಸಲ ಹೇಳಬೇಕಾಯಿತು. ಅದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು.

ಅವಳು ಒಲೆ ಆರಿಸಿದಳು. ಅತ್ತರೆ ಏನು ಮಾಡಲಿ ಎಂದು ಯೋಚಿಸಿಕೊಂಡು ಹೋಗಿದ್ದೆ. ಅವಳು ಅಳಲಿಲ್ಲ.

“ಇದನ್ನ ನನಗ ಯಾಕ ಹೇಳ್ತೀರಿ? ಅವರು ಖೋಲಿ ಕೊಟ್ಟಿದ್ದು ನನಗ ಗೊತ್ತಿತ್ತಲ್ಲ. ಗೊತ್ತಿಲ್ಲದವರು ಅಲ್ಲಿ ಅದಾರ. ಅಲ್ಲಿ ಹೇಳ್ರಿ. ಇಂಗ್ಲಿಷಿನ್ಯಾಗ ಹೇಳ್ರಿ.”

ಹೇಳುತ್ತೇನೆ ಎಂದೆ.

“ನಿಮ್ಮ ಜೋಡಿ ನಾ ಬರಂಗಿಲ್ಲ ಡಾಕ್ಟರ. ನೀವು ಬ್ಯಾರೆ ಗಾಡಿಗೆ ಬರ್ರಿ.”

ಕ್ಷಮಿಸು ಎಂಬ ಮಾತು ಬಾಯಿಗೆ ಬಂದಿತ್ತು. ಕೇಳಿದರೆ, ಕೋಣೆ ಕೊಟ್ಟ ಮನೆಯವರೇ ನನಗೆ ಮತ್ತೊಮ್ಮೆ ಏನನ್ನೋ ಕೊಡಬೇಕಾಗುತ್ತದೆ. ಕೇಳದೆ ಬಂದೆ.

ನಿಮಗೆ ಇದನ್ನು ಕನ್ನಡದಲ್ಲಿ ಬರೆದದ್ದರಿಂದ ಗಂಗಾಧರನಿಗೆ ಏನೂ ಆಗುವುದಿಲ್ಲ. ನೀವು ಅವನನ್ನು ಎಂದೂ ಅನುಮಾನಿಸಿದವರಲ್ಲ. ಭವನ ತೆರೆಯುವುದು ಬರುವ ಶನಿವಾರ. ಅಲ್ಲಿಯ ಹುಡುಗರಿಗೆ, ಡಾಕ್ಟರು ಮಾತಾಡುತ್ತಾರೆ ಎಂದು ತಿಳಿಸಿದ್ದೇನೆ. ಅವರಿಗೆ ಬಹಳ ಸಂತೋಷವಾಗಿದೆ. ಏನು ಮಾತಾಡುತ್ತೇನೆಂದು ಅವರು ಕೇಳಿಲ್ಲ. ಗೋಡೆಯ ಮೇಲಿನ ನನ್ನ ದವಾಖಾನೆಯ ಹೆಸರನ್ನು ಏನು ಮಾಡಬೇಕೆಂಬುದು ಆಮೇಲೆ ಅವರಿಗೆ ಬಿಟ್ಟದ್ದು.

ಶಾರದಾ ಪ್ಯಾಡಿಂಗ್ಟನ್‌ನಿಂದ ಬೆಳಗಿನ ಮೊದಲ ರೈಲಿಗೆ ಹೋಗುತ್ತಾಳೆಂದು ಅವಳ ಮಗಳು ತಿಳಿಸಿದಳು. ನಾನು ಅದರ ಮುಂದಿನದಕ್ಕೆ ಹೋಗುತ್ತೇನೆ.