ರಾತ್ರಿ ನಿಂತ ನೀರು

ನನ್ನ ಅಂಗಳದ ಹಿತ್ತಾಳೆ ನಳಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತೋ ಏನೋ. ಪಕ್ಕದ ಅಂಗನವಾಡಿಗೆ ನೀರಿನ ಕನೆಕ್ಷನ್ ಇರಲಿಲ್ಲ. ಮಕ್ಕಳು ಸಾಲಾಗಿ ಬಂದು ಇಲ್ಲಿಯೇ ಕುಡಿಯುತ್ತಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಹೇಳುತ್ತಿದ್ದಂತೆ ನಾನೂ "ವನ್ ಬೈ ವನ್, ಪ್ಲೀಸ್" ಎನ್ನುತ್ತಿದ್ದೆ. ಎಷ್ಟೋ ದಿನ ನಾನು ಬಾಯಿ ಬಿಡುತ್ತಿದ್ದುದು ಅಷ್ಟಕ್ಕೇ.

ಹೋದ ವರ್ಷ ನೀರು ಪರೀಕ್ಷಿಸುವ ಹುಡುಗಿಯೊಬ್ಬಳು ಸಾಂಗಲಿಯಿಂದ ಬಂದಳು. ಮಕ್ಕಳು ಕುಡಿಯುವ ನೀರಿನಲ್ಲಿ ಸೀಸ ಇದೆಯೇ ನೋಡಬೇಕಂತೆ. ಆಕೆ ಮರಾಠಿಯಲ್ಲಿ "ಶಿಸೆ" ಎಂದದ್ದೇ ತಡ, ಅಂಗನವಾಡಿಯ ಸೇವಿಕೆ ನಗುತ್ತ ನನ್ನ ಕಡೆ ತಿರುಗಿದಳು.

"ಶಿಸಪೆನ್ಸಿಲ್ ಗೊತ್ತೈತ್ರಿ. ನೀರಾಗ ಪೆನ್ಸಿಲ್ ಎಲ್ಲಿಂದ ಬಂತ್ರಿ ಬಾಯಾರ?"

"ಪೆನ್ಸಿಲ್‌ನಾಗ ಹೆಸರಿಗಷ್ಟ ಲೆಡ್, ತಂಗಿ. ಖರೇ ಲೆಡ್ ಇಂಥಾ ಹಳೇ ನಳದಾಗ ಇರತೈತಿ. ಮಕ್ಕಳಿಗೆ ಭಾಳ ಕೆಟ್ಟದ್ದು," ಎಂದೆ.

"ಇಷ್ಟ ವರ್ಷ ಸಾಲ್ಯಾಗ ಇಂಗ್ಲಿಷ್ ಕಲಿಸಿದ್ರಿ. ಈಗ ನಿಮ್ಮ ನಳಕ್ಕೂ ಇಂಗ್ಲಿಷ್ ರೋಗನ ಬಂತ ನೋಡ್ರಿ."

ನಾನೂ ನಕ್ಕೆ. ಆದರೆ ಪರೀಕ್ಷೆಯಲ್ಲಿ ನಳ ಫೇಲಾದರೆ ಮಕ್ಕಳು ಬರುವುದಿಲ್ಲವಲ್ಲ ಎಂಬುದು ಆಗಲೇ ತಲೆಯಲ್ಲಿ ಕೂತಿತ್ತು.

ರಾತ್ರಿಯಿಡೀ ನಳದಲ್ಲಿ ನಿಂತ ನೀರೇ ಪರೀಕ್ಷೆಗೆ ಬೇಕು ಎಂದಳು ಹುಡುಗಿ. "ಮುಂಜಾನೆ ನಾ ಬರೂತನಕ ಯಾರೂ ನಳ ತಿರುವಬಾರದ್ರಿ. ಮನ್ಯಾಗ ಎಲ್ಲಾರಿಗೂ ಹೇಳಿಬಿಡ್ರಿ."

"ಹೇಳತೀನಿ," ಎಂದೆ. ಎಲ್ಲರಿಗೂ ಎಂದರೆ ನನಗೆ.

ಮರುದಿನ ಆಕೆ ಮೊದಲ ನೀರನ್ನು ಒಂದು ಬಾಟಲಿಗೆ ಹಿಡಿದಳು. ಸ್ವಲ್ಪ ಹೊತ್ತು ಹರಿಯಬಿಟ್ಟು ಇನ್ನೊಂದಕ್ಕೆ ಹಿಡಿದಳು. ಆಮೇಲೆ ರಿಪೋರ್ಟ್ ಬಂತು: ಮೊದಲ ಬಾಟಲಿಯಲ್ಲಿ ಸೀಸ ಹೆಚ್ಚು, ಎರಡನೆಯದು ಆಲ್‌ರೈಟ್. ನೀರಿನದೇನೂ ತಪ್ಪಿರಲಿಲ್ಲ. ರಾತ್ರಿಯೆಲ್ಲ ಒಂದೇ ಕಡೆ ನಿಂತು ಕೆಟ್ಟಿತ್ತು, ಅಷ್ಟೇ.

ಲಗುಬಗೆಯಿಂದ ನಳ ಬದಲಿಸಿದೆ, ಅದರ ಹಿಂದಿನ ಪೈಪನ್ನೂ. ಮತ್ತೆ ಪರೀಕ್ಷೆ ಮಾಡಿಸಿದೆ. ಪಾಸಾಯಿತು. ಅಷ್ಟರಲ್ಲಿ ಅಂಗನವಾಡಿಗೆ ಹೊಸ ಕನೆಕ್ಷನ್ ಬಂದು, ಫಿಲ್ಟರೂ ಕೂತಿತ್ತು. ಒಳ್ಳೆಯದೇ ಆಯಿತು. ಮಕ್ಕಳಿಗೆ ನನ್ನ ಗೇಟು ದಾಟುವ ಕೆಲಸ ಉಳಿಯಲಿಲ್ಲ.

ನಳ ಹೊಸದಾದರೂ ರಾತ್ರಿ ನಿಂತ ನೀರನ್ನು ಮುಂಜಾನೆ ಹೊರಗೆ ಬಿಡಬೇಕು ಎಂದು ಹುಡುಗಿ ಹೇಳಿಹೋಗಿದ್ದಾಳೆ. ದಿನವೂ ಬಕೆಟ್ ಇಟ್ಟು ಬಿಡುತ್ತೇನೆ. ಸಪ್ಪಳ ಕೇಳಿ ಗೋಡೆಯಾಚೆಯಿಂದ ಸೇವಿಕೆ ಕೂಗುತ್ತಾಳೆ.

"ಪೆನ್ಸಿಲ್ ನೀರ ಬಿಟ್ರೇನ್ರಿ ಬಾಯಾರ?"

"ಬಿಟ್ಟೆ, ತಂಗಿ."

ನಮ್ಮ ಜತ್ತದ ಬರದ ಸೀಮೆಯಲ್ಲಿ ನೀರನ್ನು ಹೀಗೆ ಹರಿಯಬಿಡುವುದು ತಪ್ಪೆಂದು ನನಗೂ ಗೊತ್ತು. ಆದರೂ ಬಕೆಟ್ ತುಂಬುವವರೆಗೆ ನಳ ಮುಚ್ಚುವುದಿಲ್ಲ. ಗೋಡೆಯಾಚೆಯಿಂದ ಆಕೆ ಇನ್ನೊಂದು ಮಾತು ಆಡಿದರೂ ಆಡಬಹುದು.