ಚಳಿಗಾಲದ ಪುಸ್ತಕದ ಕೊನೆಯ ಪುಟ

ಮೂವತ್ತಾರನೇ ವಯಸ್ಸಿನವರೆಗೆ ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕನ್ನಡದಲ್ಲಿ ಮಾತಾಡುತ್ತಿದ್ದೆ, ಜಗಳವಾಡುತ್ತಿದ್ದೆ, ಲೋಕಲ್ ರೈಲಿನಲ್ಲಿ ಯಾರಾದರೂ ಕಾಲು ತುಳಿದರೆ ಮೊದಲು ಬಾಯಿಗೆ ಬರುತ್ತಿದ್ದದ್ದೂ ಕನ್ನಡವೇ. ಓದುವುದೊಂದೇ ಆಗದ ಕೆಲಸ. ಮೈಸೂರು ಕಡೆಯಿಂದ ಬಂದ ನಮ್ಮಪ್ಪ ಬೊಂಬಾಯಿಯ ವಿಲೆ ಪಾರ್ಲೆಯಲ್ಲಿ ಮನೆ ಮಾಡಿ, ಹತ್ತಿರದಲ್ಲಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಮರಾಠಿ ಶಾಲೆಗೆ ಸೇರಿಸಿದ್ದರು. ಕನ್ನಡ ಅಕ್ಷರವನ್ನು ಗೆಳೆಯರು ಜಿಲೇಬಿ ಎಂದು ಗೇಲಿ ಮಾಡಿದರೆ ನಾನೂ ಅವರ ಜೊತೆ ನಗುತ್ತಿದ್ದೆ. ನನಗೂ ಅದು ಜಿಲೇಬಿಯೇ ಆಗಿತ್ತು.

ಈ ಗುಟ್ಟು ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಅವಳು ಮೈಸೂರಿನ ಒಬ್ಬ ಹೆಡ್‌ಮಾಸ್ತರರ ಮಗಳು. ಹೆಣ್ಣು ನೋಡಲು ಹೋದ ದಿನ ಅವರ ಮನೆಯ ಟೀಪಾಯಿಯ ಮೇಲೆ ಒಂದು ವಾರಪತ್ರಿಕೆ ಇತ್ತು. ಕೈಕಾಲು ಎಲ್ಲಿಡುವುದೆಂದು ತಿಳಿಯದೆ ಅದನ್ನೆತ್ತಿಕೊಂಡು, ಹುಬ್ಬು ಗಂಟಿಕ್ಕಿ, ಅರ್ಧ ಗಂಟೆ ಪುಟ ಮಗುಚಿದೆ. ಬೊಂಬಾಯಿಯಲ್ಲಿ ಬೆಳೆದ ಹುಡುಗನಿಗೆ ಎಷ್ಟೊಂದು ಕನ್ನಡಾಭಿಮಾನ ಎಂದು ಮಾವನವರು ಎಲ್ಲರ ಮುಂದೆ ಹೊಗಳಿದರು. ನಾನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ ಅಷ್ಟೆ. ಮದುವೆಯಾದ ಮೇಲೆ ಹೆಂಡತಿಗೆ ನಿಜ ಹೇಳಿದೆ. ಅವಳು ಎರಡು ದಿನ ನಕ್ಕು, ಮೂರನೇ ದಿನ ತಾನೇ ಕಲಿಸುತ್ತೇನೆಂದು ಕೂತಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹೆಂಡತಿ ಎದುರು ಸ್ಲೇಟು ಹಿಡಿದು ಕೂತ ಗಂಡನಿಗೆ ಅದು ಇನ್ನೂ ಬೇಗ ಬರುತ್ತದೆ. ‘ಅ’ದಿಂದ ‘ಈ’ಗೆ ಬರುವಷ್ಟರಲ್ಲಿ ಬಳಪ ಮುರಿದಿತ್ತು, ಪಾಠ ನಿಂತಿತ್ತು.

ಮುಂದೆ ಮಗಳು ಹುಟ್ಟಿದಳು. ಎಂಬತ್ತರ ದಶಕದ ಮುಲುಂಡ್‌ನಲ್ಲಿ, ನಾಲ್ಕು ಮಾಳಿಗೆಯ ನಮ್ಮ ಬಿಲ್ಡಿಂಗ್‌ನಲ್ಲಿ ಗುಜರಾತಿ, ಮರಾಠಿ, ತಮಿಳು, ಸಿಂಧಿ ಮಕ್ಕಳೆಲ್ಲ ಸೇರಿ ಹಿಂದಿಯಲ್ಲಿ ಕಿರುಚಾಡುತ್ತಿದ್ದರು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ‘ಊಟ ಆಯ್ತಾ?’ ಎಂದು ಮೈಸೂರಿನಿಂದ ಟ್ರಂಕ್ ಕಾಲ್‌ನಲ್ಲಿ ಕೇಳಿದ ತಾತನಿಗೆ ಒಮ್ಮೆ ‘ಖಾ ಲಿಯಾ’ ಎಂದಳು. ಹದಿನೈದು ದಿನಕ್ಕೆ ಅವರಿಂದ ಒಂದು ಪಾರ್ಸೆಲ್ ಬಂತು.

ಒಳಗಿದ್ದದ್ದು ಮೂರು ಚಿತ್ರದ ಪುಸ್ತಕ: ಮಳೆಗಾಲ, ಚಳಿಗಾಲ, ಬೇಸಿಗೆಗಾಲ. ಒಂದೊಂದಕ್ಕೂ ಬೇರೆ ಬೇರೆ ಖಾಕಿ ಕಾಗದ ಸುತ್ತಿ, ಹುರಿ ಬಿಗಿದು, ಗಂಟು ಹಾಕಿದ್ದರು. ಜೊತೆಗಿದ್ದ ಪತ್ರವನ್ನು ಹೆಂಡತಿ ಓದಿ ಹೇಳಿದಳು. ಆಯಾ ಕಾಲ ಬಂದಾಗಲೇ ಆಯಾ ಪುಸ್ತಕ ಬಿಚ್ಚಬೇಕು. ಮಾವಿನಹಣ್ಣು ಚಳಿಗಾಲದಲ್ಲಿ ಸಿಗುತ್ತದೆಯೇ, ಕಥೆಯೂ ಹಾಗೆಯೇ. ಕಾದು ಕೇಳಿದ್ದು ಮರೆಯುವುದಿಲ್ಲ. ಕಡೆಯ ಸಾಲು ನನಗೆ: ‘ಅಳಿಯಂದಿರೇ ಓದಿ ಹೇಳಲಿ. ತಂದೆಯ ಬಾಯಲ್ಲಿ ಕೇಳಿದರೆ ಮಕ್ಕಳಿಗೆ ಭಾಷೆ ಹತ್ತುತ್ತದೆ.’ ಹೆಂಡತಿ ಪತ್ರದ ಮೇಲಿನಿಂದ ನನ್ನ ಮುಖ ನೋಡಿದಳು. ಅವಳ ತುಟಿ ಅದುರುತ್ತಿತ್ತು.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಸಂಜೆಯೇ ಮಳೆಗಾಲದ ಗಂಟು ಬಿಚ್ಚಿದ್ದಾಯಿತು. ಹೆಂಡತಿ ಮೊದಲು ಓದಿ ಕಥೆ ಹೇಳಿಕೊಡುತ್ತೇನೆಂದಳು. ನಾನು ಬೇಡವೆಂದೆ. ಅದೇ ಮೂಗು, ಅದೇ ಕೋಪ. ಚಿತ್ರ ನೋಡಿದರೆ ಸಾಕಲ್ಲ, ಚಿತ್ರದ ಪುಸ್ತಕ ಎಂದು ಮತ್ಯಾಕೆ ಹೇಳುತ್ತಾರೆ? ಮಾರನೆಯ ದಿನ ಪುಸ್ತಕವನ್ನು ಆಫೀಸಿನ ಬ್ಯಾಗಿಗೆ ಹಾಕಿಕೊಂಡು ಹೋಗಿ, ಕಿಟಕಿ ಸೀಟು ಸಿಕ್ಕಿದ ಪುಣ್ಯಕ್ಕೆ ಗಾಡಿಯಲ್ಲೇ ಅಭ್ಯಾಸ ಮಾಡಿದೆ. ಎದುರಿಗೆ ಇಸ್ಪೀಟಾಡುತ್ತಿದ್ದ ನಾಲ್ವರು ಎಲೆ ಬಿಟ್ಟು ನನ್ನನ್ನೇ ನೋಡಿದರು. ಟೈ ಕಟ್ಟಿಕೊಂಡ ಗಂಡಸೊಬ್ಬ ಕಪ್ಪೆಯ ಚಿತ್ರ ದಿಟ್ಟಿಸುತ್ತ ತುಟಿ ಆಡಿಸುತ್ತಿದ್ದರೆ ಯಾರು ತಾನೆ ನೋಡುವುದಿಲ್ಲ?

ನನ್ನ ಕಪ್ಪೆ ಮುಲುಂಡ್‌ನಲ್ಲಿ ಗಾಡಿ ಹತ್ತುತ್ತಿತ್ತು. ಅದಕ್ಕೆ ಬಾಂದ್ರಾದ ಚಿಕ್ಕಮ್ಮನ ಮನೆಗೆ ಹೋಗಬೇಕಿತ್ತು, ದಾದರ್‌ನಲ್ಲಿ ಗಾಡಿ ಬದಲಿಸಬೇಕಿತ್ತು. ಅಷ್ಟರಲ್ಲಿ ಕುರ್ಲಾ ಹತ್ತಿರ ಹಳಿಯ ಮೇಲೆ ನೀರು ನಿಂತು ಗಾಡಿಯೂ ನಿಂತಿತು. ಜನರೆಲ್ಲ ರೈಲ್ವೆಗೆ ಹಿಡಿಶಾಪ ಹಾಕುತ್ತಿದ್ದರೆ ಕಪ್ಪೆ ಕಿಟಕಿಯಿಂದ ಹಾರಿ, ಈಜುತ್ತ, ಮೋಟರ್‌ಮನ್‌ಗೆ ದಾರಿ ತೋರಿಸುತ್ತ ಗಾಡಿಯನ್ನು ದಾದರ್ ಮುಟ್ಟಿಸಿತು. ಪುಸ್ತಕದಲ್ಲಿ ಗಾಡಿಯ ಚಿತ್ರವೇ ಇರಲಿಲ್ಲ. ಮಗಳು ಕೇಳಿದಾಗ, ಕಪ್ಪೆ ಗಾಡಿಯ ಒಳಗಿದೆಯಲ್ಲ, ಒಳಗಿದ್ದವರಿಗೆ ಗಾಡಿ ಕಾಣುತ್ತದೆಯೇ ಎಂದೆ. ಅದು ಅವಳಿಗೆ ಸರಿ ಅನ್ನಿಸಿತು. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು, ಅದರ ಹಿಂದೆಯೇ ಸೆರಗಿನಲ್ಲಿ ಅದುಮಿದ ನಗು.

ದಿನಾ ಸಂಜೆ ಏಳೂವರೆಗೆ ನಾನು ಬಂದು ಕಾಲು ತೊಳೆದರೆ ಸಾಕು, ಮಗಳು ಪುಸ್ತಕ ಹಿಡಿದು ನಿಂತಿರುತ್ತಿದ್ದಳು. ಒಂದು ಮಾತು ಆಚೀಚೆಯಾದರೂ ತಿದ್ದುತ್ತಿದ್ದಳು, ಅದೂ ಕನ್ನಡದಲ್ಲಿ. ಆಗಸ್ಟ್ ಹೊತ್ತಿಗೆ ಬಿಲ್ಡಿಂಗ್‌ನ ಮೆಟ್ಟಿಲ ಮೇಲೆ ತಮಿಳರ ಹುಡುಗಿಗೂ ಕಪ್ಪೆಯ ಕಥೆಯನ್ನು ಕನ್ನಡದಲ್ಲೇ ಹೇಳುತ್ತಿದ್ದಳು. ಹೆಂಡತಿ ಅಪ್ಪನಿಗೆ ಪತ್ರ ಬರೆದಳು: ‘ಇವರು ಓದುವುದು ಕೇಳಿ ಪುಟ್ಟಿಗೆ ಮಾತು ಹತ್ತಿದೆ.’ ಓದುವುದು ಎಂಬ ಪದ ಬರೆಯುವಾಗ ಅವಳಿಗೆ ಸ್ವಲ್ಪ ಹೊತ್ತು ಪೆನ್ನು ಓಡಲಿಲ್ಲವಂತೆ.

ಹೆಮ್ಮೆಯ ಜೊತೆಗೆ ನನಗೆ ಭಯವೂ ಶುರುವಾದದ್ದು ಆಗಲೇ. ಮಗಳ ಲೆಕ್ಕದಲ್ಲಿ ನಾನು ಎಲ್ಲವನ್ನೂ ಓದಬಲ್ಲ ಮನುಷ್ಯ. ಅಂಗಡಿಯ ಬೋರ್ಡು, ಗಾಡಿಯ ಬೋರ್ಡು, ತಾತನ ಪುಸ್ತಕ, ಎಲ್ಲ. ಒಂದು ದಿನ ಅವಳೇ ಅಕ್ಷರ ಕಲಿತು ಆ ಪುಸ್ತಕ ತೆರೆದರೆ? ಅಪ್ಪ ದಿನಾ ಸುಳ್ಳು ಓದುತ್ತಿದ್ದ ಎಂದು ತಿಳಿದರೆ? ಅವಳ ಕಣ್ಣಲ್ಲಿ ಸಣ್ಣವನಾಗುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ದೀಪಾವಳಿ ಮುಗಿದದ್ದೇ ತಡ, ಚಳಿಗಾಲದ ಪುಸ್ತಕಕ್ಕಾಗಿ ಮಗಳ ಕಾಟ ಶುರುವಾಯಿತು. ಬೊಂಬಾಯಿಯಲ್ಲಿ ಚಳಿಗಾಲ ಬಂತು ಎಂದು ಹೇಳುವವರು ಯಾರು? ಎದುರು ಮನೆಯ ಮರಾಠಿ ಅಜ್ಜಿ ನವೆಂಬರ್‌ನಲ್ಲೇ ಕಿವಿಗೆ ಮಫ್ಲರ್ ಸುತ್ತಿ, ಫ್ಯಾನು ಹಾಕಿಕೊಂಡು ಕೂರುತ್ತಿದ್ದರು. ಅವರನ್ನು ಸಾಕ್ಷಿಯಾಗಿ ಕರೆತಂದ ಮಗಳಿಗೆ ನನ್ನ ಹೆಂಡತಿ ಸೊಪ್ಪು ಹಾಕಲಿಲ್ಲ. ಮೈಸೂರಿನವಳು, ಬಾಯಿಂದ ಹೊಗೆ ಬಾರದೆ ಅದೆಂಥ ಚಳಿ ಎನ್ನುವುದು ಅವಳ ವಾದ. ಮಗಳು ಉಲ್ಲನ್ ಟೋಪಿ ಹಾಕಿಕೊಂಡು, ಬೆವರು ಸುರಿಸುತ್ತ, ನಡುಗಿ ತೋರಿಸಿದಳು. ನಾನು ಮಾತ್ರ ಹೆಂಡತಿಯ ಪಕ್ಷ. ಆ ಗಂಟು ಬಿಚ್ಚದಷ್ಟು ದಿನ ನಾನು ಕ್ಷೇಮ.

ಜನವರಿಯಲ್ಲಿ ಚಳಿ ಬಂತು. ಅದರ ಹಿಂದೆಯೇ ಮಾವನವರೂ ಬಂದರು, ಒಂದು ತಿಂಗಳು ಇರುವ ಲೆಕ್ಕದಲ್ಲಿ, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು. ಬಂದ ಸಂಜೆಯೇ ಮಗಳು ಮಳೆಗಾಲದ ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟಳು. ನಿಯಮ ಮಾಡಿದವರು ತಾವೇ ಎನ್ನುವುದನ್ನು ಮರೆತು, ಮೊಮ್ಮಗಳ ಮುದ್ದಿಗೆ ಸೋತು, ಅವರು ಕನ್ನಡಕ ಏರಿಸಿದರು. ಸಾಲಿನ ಕೆಳಗೆ ಬೆರಳಿಟ್ಟು, ಹೆಡ್‌ಮಾಸ್ತರರ ಗಂಟಲಲ್ಲಿ ಸ್ಪಷ್ಟವಾಗಿ ಓದತೊಡಗಿದರು. ಕಪ್ಪೆ ಮೋಡಣ್ಣನನ್ನು ಕರೆಯಿತಂತೆ. ಮೋಡಣ್ಣ ತಾಳು ಎಂದನಂತೆ. ಕಪ್ಪೆ ತಾಳಿತಂತೆ. ತಾಳ್ಮೆಗೆ ಫಲವಾಗಿ ಮಳೆ ಬಂತಂತೆ.

ಮಗಳು ಅವರ ಮುಖವನ್ನೂ ಪುಸ್ತಕವನ್ನೂ ನೋಡಿದಳು. ಆಮೇಲೆ ತುಂಬಾ ಮೆದುವಾಗಿ, ಬೇಜಾರಾಗಬಾರದು ಎನ್ನುವ ಹಾಗೆ ಹೇಳಿದಳು:

“ತಾತ, ನಿಂಗೆ ಓದಕ್ಕೆ ಬರಲ್ಲ.”

ನಲವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಓದು ಕಲಿಸಿದ ಮನುಷ್ಯ. ನಾನು ಕಿಟಕಿಯ ಆಚೆ ನೋಡಿದೆ. ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದವಳು ಮೊರದ ಮೇಲೆ ಇನ್ನಷ್ಟು ಬಗ್ಗಿದಳು. ಮಗಳು ತಾತನಿಗೆ ಕುರ್ಲಾದ ನೀರು, ಮೋಟರ್‌ಮನ್, ದಾದರ್ ಎಲ್ಲವನ್ನೂ ಪುಟ ತೋರಿಸಿ ತೋರಿಸಿ ತಿದ್ದಿ ಹೇಳಿದಳು. ಮಾವನವರು ಕೊನೆಯವರೆಗೂ ಕೇಳಿದರು. ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

ಎರಡು ದಿನ ಬಿಟ್ಟು ಭಾನುವಾರ ಬೆಳಿಗ್ಗೆ, ಬಾಲ್ಕನಿಯಲ್ಲಿ ನಿಂತ ನನ್ನ ಹೆಂಡತಿಯೇ ಸ್ವೆಟರ್ ಕೇಳಿದಳು. ಮಗಳಿಗೆ ಅಷ್ಟು ಸಾಕಾಯಿತು. ಮಾವನವರು ತಾವೇ ಹಾಕಿದ್ದ ಗಂಟನ್ನು ತಾವೇ ಬಿಚ್ಚಿ, ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

“ಅಳಿಯಂದ್ರೇ, ನೀವು ಓದಿ. ನಾನೂ ಕೇಳ್ತೀನಿ.”

ಲೋಕಲ್‌ನಲ್ಲಿ ಕೂತು ಅಭ್ಯಾಸ ಮಾಡುವಷ್ಟೂ ಸಮಯ ಸಿಕ್ಕಿರಲಿಲ್ಲ. ಮೊದಲ ಚಿತ್ರದಲ್ಲಿ ಮಂಜು, ಮಂಜಿನಲ್ಲಿ ಒಂದು ನಾಯಿಮರಿ. ಎರಡನೆಯದರಲ್ಲಿ ಬೆಂಕಿ ಕಾಯಿಸಿಕೊಳ್ಳುವ ಅಜ್ಜಿ. ಸರಿ, ನಾಯಿಮರಿ ತನ್ನ ಸ್ವೆಟರನ್ನು ಗಾಡಿಯಲ್ಲಿ ಬಿಟ್ಟು ಇಳಿದುಬಿಟ್ಟಿತು ಎಂದೆ. ಗಾಡಿಯಲ್ಲಿ ಮರೆತ ಛತ್ರಿ, ಟಿಫಿನ್ ಡಬ್ಬಿ ಎಲ್ಲ ಕೊನೆಯ ಸ್ಟೇಷನ್ನಿಗೆ ಹೋಗಿ ಸೇರುತ್ತವಲ್ಲ, ಹಾಗಾಗಿ ನಾಯಿಮರಿ ಠಾಣೆ ದಾಟಿ ಕಲ್ಯಾಣದ ದಾರಿ ಹಿಡಿಯಿತು. ಮಗಳ ಬಾಯಿ ತೆರೆದೇ ಇತ್ತು. ನನಗೂ ಹುಮ್ಮಸ್ಸು ಬಂತು. ಅಜ್ಜಿ ಕಲ್ಯಾಣದಲ್ಲಿ ಕಳೆದ ಸಾಮಾನು ಕಾಯುವವಳಾದಳು. ಕೊನೆಯ ಚಿತ್ರದಲ್ಲಿ ಮರಿ ಅವಳ ಪಕ್ಕದಲ್ಲಿ ಮಲಗಿತ್ತು. ಗೆದ್ದೆ ಎಂದುಕೊಂಡು ಪುಟ ಮಗುಚಿದೆ.

ಇನ್ನೊಂದು ಪುಟವಿತ್ತು. ಅದರಲ್ಲಿ ಚಿತ್ರವೇ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಬರೀ ಅಕ್ಷರ.

ನಾನು ಆ ಪುಟವನ್ನು ನೋಡಿದೆ, ಆ ಪುಟ ನನ್ನನ್ನು ನೋಡಿತು. ಇಷ್ಟುದ್ದ ಇನ್ನೇನು ಕಥೆ ಉಳಿದಿದೆ? ಮರಿ ಸತ್ತುಹೋಯಿತೇ? ಏನಾದರೊಂದು ಹೇಳೋಣವೆಂದರೆ ಎದುರಿಗೆ ಮಾವನವರು ಕೈ ಕಟ್ಟಿ ಕೂತಿದ್ದರು. ಮಗಳು “ಆಮೇಲೆ?” ಎಂದಳು. ಮತ್ತೊಮ್ಮೆ “ಆಮೇಲೆ?” ಎಂದಳು. ಸುಳ್ಳು ಹೇಳಿ ಹೇಳಿ ಆ ಕ್ಷಣ ನನಗೆ ಸಾಕಾಗಿಹೋಯಿತು.

“ಪುಟ್ಟಿ, ನಂಗೆ ಕನ್ನಡ ಓದಕ್ಕೆ ಬರಲ್ಲ. ಇಷ್ಟು ದಿನ ನಾನು ಹೇಳಿದ್ದೆಲ್ಲ ಈ ಪುಸ್ತಕದಲ್ಲಿಲ್ಲ.”

ಪಕ್ಕದಲ್ಲಿ ಅವರೆಕಾಳು ಕೇರುತ್ತಿದ್ದ ಹೆಂಡತಿಯ ಮೊರದ ಸದ್ದು ನಿಂತಿತು. ಮಾವನವರು ಕೈ ಚಾಚಿ ಪುಸ್ತಕ ತೆಗೆದುಕೊಂಡರು. ಆ ಪುಟವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ಅಚ್ಚರಿಯಿಂದ ನನ್ನನ್ನು ನೋಡಿ, ಇದು ಕಥೆಯಲ್ಲ, ಅಚ್ಚು ಹಾಕಿದವರ ವಿಳಾಸ ಮತ್ತು ಅವರ ಬೇರೆ ಪುಸ್ತಕಗಳ ಪಟ್ಟಿ ಎಂದರು. ಕಥೆ ಹಿಂದಿನ ಪುಟಕ್ಕೇ ಮುಗಿದಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನನ್ನು ಯಾರೂ ಕಳ್ಳ ಎಂದೇ ಇರಲಿಲ್ಲ. ಹೆಂಡತಿ ಏಳು ತಿಂಗಳಿನಿಂದ ಅದುಮಿಟ್ಟಿದ್ದ ನಗುವನ್ನೆಲ್ಲ ಒಟ್ಟಿಗೆ ಬಿಟ್ಟಳು, ಅವರೆಕಾಳು ನೆಲದ ತುಂಬ ಉರುಳಿದವು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳೇ ನನ್ನ ಗಲ್ಲ ಹಿಡಿದು ತಿರುಗಿಸಿ, ಅದೆಲ್ಲ ಇರಲಿ, ಮರಿಗೆ ಸ್ವೆಟರ್ ಸಿಕ್ಕಿತೋ ಇಲ್ಲವೋ ಎಂದು ಕೇಳಿದಳು. ಸಿಕ್ಕಿತು ಎಂದೆ. ಸರಿ ಎಂದು ಎದ್ದು ಅವರೆಕಾಳು ಆಯಲು ಹೋದಳು.

ಮಾರನೆಯ ಬೆಳಿಗ್ಗೆ ನಾನು ಸ್ನಾನ ಮಾಡಿ ಬಂದರೆ, ಮಾವನವರು ಊಟದ ಮೇಜಿನ ಮೇಲೆ ಎರಡು ಸ್ಲೇಟು ಜೋಡಿಸಿ ಕೂತಿದ್ದರು. ಒಂದು ಮಗಳಿಗೆ, ಒಂದು ನನಗೆ. ಅವರ ಎದುರು ನನ್ನ ಕೋಪದ ಆಟ ನಡೆಯಲಿಲ್ಲ. ದಿನಾ ಆಫೀಸಿಗೆ ಮುಂಚೆ ಅರ್ಧ ಗಂಟೆ ಪಾಠ, ಸಂಜೆ ಒಪ್ಪಿಸುವುದು. ಮರಾಠಿ ಬಲ್ಲವನಿಗೆ ಅದೇ ಕ, ಅದೇ ಖ, ವೇಷ ಮಾತ್ರ ಬೇರೆ. ಆದರೂ ಮಗಳೇ ನನಗಿಂತ ಮುಂದಿದ್ದಳು, ಮತ್ತು ಅದನ್ನು ಮುಚ್ಚಿಡುವ ಸಂಕೋಚ ಅವಳಿಗಿರಲಿಲ್ಲ.

ಮಾವನವರು ಮೈಸೂರಿಗೆ ಹೊರಡುವ ಹಿಂದಿನ ಸಂಜೆ ನನ್ನ ಪರೀಕ್ಷೆ. ಚಳಿಗಾಲದ ಪುಸ್ತಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಸಾಲಿನ ಕೆಳಗೆ ಬೆರಳಿಟ್ಟು, ಎಡವದೆ, ಇದ್ದದ್ದನ್ನು ಇದ್ದ ಹಾಗೆ ಓದತೊಡಗಿದೆ. ಚಳಿಯಲ್ಲಿ ಒಂದು ನಾಯಿಮರಿ ನಡುಗುತ್ತಿತ್ತು. ಅಜ್ಜಿ ತನ್ನ ಕಂಬಳಿಯ ಅಂಚನ್ನು ಅದಕ್ಕೆ ಹೊದಿಸಿದಳು. ಹಂಚಿಕೊಂಡರೆ ಚಳಿಯಿಲ್ಲ ಎಂದಳು. ನನ್ನ ಬಾಯಿಂದ ಕನ್ನಡದ ಅಚ್ಚಕ್ಷರ ಹೊರಬರುತ್ತಿರುವುದನ್ನು ಕೇಳಿ ನನಗೇ ಮೈ ಜುಮ್ಮೆಂದಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿದಳು, ಈ ಸಲ ನಗದೆ.

ಮೂರನೇ ಪುಟಕ್ಕೆ ಮಗಳು ನನ್ನ ಬೆರಳಿನ ಮೇಲೆ ತನ್ನ ಅಂಗೈ ಇಟ್ಟು ಸಾಲನ್ನು ಮುಚ್ಚಿದಳು.

“ಅಪ್ಪ, ಓದಬೇಡ. ಹೇಳು.”

ಇಷ್ಟು ಕಷ್ಟಪಟ್ಟು ಕಲಿತದ್ದು ಬೇಡವಾಯಿತೇ ಎಂದು ಒಂದು ಗಳಿಗೆ ಸಂಕಟವಾಯಿತು. ಅವಳ ಕಣ್ಣಿಗೆ ಸಣ್ಣವನಾಗಿ ಕಂಡಾನು ಎಂದು ನಾನು ಹೆದರಿದ್ದ, ಓದಲು ಬಾರದ ಅಪ್ಪನೇ ಅವಳಿಗೆ ಬೇಕಾಗಿದ್ದ ಅಪ್ಪ ಎನ್ನುವುದು ತಲೆಗೆ ಹೋಗಲು ಇನ್ನೊಂದು ಗಳಿಗೆ ಹಿಡಿಯಿತು. ಏನು ಮಾಡಲಿ ಎಂದು ಮೇಷ್ಟರ ಕಡೆ ನೋಡಿದೆ. ಮಾವನವರು ಕನ್ನಡಕ ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡರು. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

“ಹೇಳಿ ಅಳಿಯಂದ್ರೇ,” ಎಂದರು, “ಮರಿ ಠಾಣೆಯಲ್ಲೇ ಇಳೀತೋ, ಕಲ್ಯಾಣದವರೆಗೂ ಹೋಯ್ತೋ?”